ಮೋಟರ್ ರಿವೈಂಡಿಂಗ್: ವಾರ್ನಿಷ್ ಹಚ್ಚಿದರೆ ಸಾಲದು, ಕಾಯಿಸಬೇಕು

ಪ್ರಶ್ನೆ: ನಮ್ಮದು ಹಾವೇರಿ ಕಡೆ ಒಂದು ಸಣ್ಣ ಹಿಟ್ಟಿನ ಗಿರಣಿ. ಅಪ್ಪನ ಕಾಲದ 10 ಎಚ್‌ಪಿ ಎನ್‌ಜಿಇಎಫ್ ಮೋಟರ್ ಇದೆ, ತ್ರೀ ಫೇಸ್. ವರ್ಷದೊಳಗೆ ಎರಡು ಸಲ ಸುಟ್ಟಿತು. ಎರಡೂ ಸಲ ಕಾಯಿಲ್ ಕಟ್ಟಿದವರು ಬ್ರಷ್‌ನಲ್ಲಿ ವಾರ್ನಿಷ್ ಹಚ್ಚಿದರು, ಬಿಸಿಲಿಗಿಟ್ಟು ಒಣಗಿಸಿದರು, ಮೇಲೆ ಕೆಂಪು ಬಣ್ಣ ಬಳಿದು ಕೊಟ್ಟರು. ಈಗ ಬೇರೆ ಅಂಗಡಿಯವರು "ಡಬಲ್ ಡಿಪ್ ಮಾಡಿ, ಅಂದರೆ ವಾರ್ನಿಷ್‌ನಲ್ಲಿ ಎರಡು ಸಲ ಮುಳುಗಿಸಿ, ಓವನ್‌ನಲ್ಲಿ ಕಾಯಿಸಬೇಕು, ಎರಡು ದಿನ ಬೇಕು" ಅನ್ನುತ್ತಿದ್ದಾರೆ. ಗಿರಣಿ ಅಷ್ಟು ದಿನ ನಿಲ್ಲಿಸುವುದು ಕಷ್ಟ. ಇದು ನಿಜಕ್ಕೂ ಬೇಕಾ? ಯಾವ ವಾರ್ನಿಷ್ ಒಳ್ಳೆಯದು? ಕೆಂಪು ಬಣ್ಣದಿಂದ ಏನು ಉಪಯೋಗ? ಇದನ್ನೇ ಕಟ್ಟಿಸಲಾ, ಹೊಸದು ತರಲಾ?

ಉತ್ತರ: ಎರಡನೇ ಅಂಗಡಿಯವರು ಹೇಳಿದ್ದು ಸರಿ. ಎರಡು ದಿನ ಕೊಡಿ. ಆದರೆ ಅದಕ್ಕೂ ಮೊದಲು ನೀವು ನೋಡಬೇಕಾದ್ದು ಒಂದಿದೆ. ಸುಟ್ಟ ಕಾಯಿಲ್ ಇನ್ನೂ ಸ್ಟೇಟರ್‌ನಲ್ಲೇ (ಕಾಯಿಲ್ ಕೂರುವ, ತಿರುಗದ ಹೊರಭಾಗ) ಇದ್ದರೆ ಈಗಲೇ ತೆಗೆಸಬೇಡಿ. ಎರಡೂ ಕಡೆಯಿಂದ ಫೋಟೋ ತೆಗೆದಿಡಿ. ಸುಟ್ಟ ಗುರುತು ನೋಡಿದರೆ ಮೋಟರ್ ಹೇಗೆ ಹೋಯಿತು ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕಾಯಿಲಿನ ಉಂಗುರದ ಸುತ್ತಲೂ ಒಂದೇ ಸಮನೆ ಕಪ್ಪಾಗಿದ್ದರೆ ಓವರ್‌ಲೋಡ್, ಇಲ್ಲವೇ ಗಾಳಿ ಆಡದೆ ಕಾದದ್ದು. ಗಿರಣಿಗಳಲ್ಲಿ ಇದು ಜಾಸ್ತಿ. ಫ್ಯಾನಿನ ಮುಚ್ಚಳಕ್ಕೆ, ಬಾಡಿಯ ರೆಕ್ಕೆಗಳ ಮಧ್ಯೆ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಕೆಲವು ಕಾಯಿಲ್ ಪೂರ್ತಿ ಕಪ್ಪು, ಪಕ್ಕದ್ದು ಹೊಸದರಂತೆ, ಮತ್ತೆ ಕಪ್ಪು, ಹೀಗೆ ಸಮ ಅಂತರದಲ್ಲಿ ಕಂಡರೆ ಒಂದು ಫೇಸ್ ಹೋದಾಗಲೂ ಮೋಟರ್ ಓಡಿದೆ ಅಂತ ಅರ್ಥ. ಮೂರು ಫೇಸಿನ ಕಾಯಿಲ್ ಜೋಡಿಸುವ ಕ್ರಮ ಎರಡು: ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸಿನ ಕಾಯಿಲ್ ಸುಡುತ್ತದೆ, ಸ್ಟಾರ್‌ನಲ್ಲಿ ಎರಡು ಫೇಸಿನವು. ಇವೆರಡಕ್ಕೂ ವಾರ್ನಿಷ್ ಮದ್ದಲ್ಲ. ಕರೆಂಟು ಮಿತಿ ಮೀರಿದಾಗ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಸರಿಯಾದ ಆಂಪಿಯರ್‌ಗೆ ಇಟ್ಟಿದೆಯಾ, ಒಂದು ಫೇಸ್ ಹೋದಾಗ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದೆಯಾ ನೋಡಿ. ಅದಿಲ್ಲದೆ ಎಂಥ ವಾರ್ನಿಷ್ ಹಾಕಿದರೂ ಮೋಟರ್ ಮತ್ತೆ ಸುಡುತ್ತದೆ.

ಮೂರನೆಯದು ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು. ಉಳಿದ ಕಾಯಿಲೆಲ್ಲ ಚೆನ್ನಾಗಿದೆ, ಒಂದೇ ಜಾಗದಲ್ಲಿ ಬೆರಳಗಲ ಸುಟ್ಟು ತಾಮ್ರ ಕರಗಿ ಸಣ್ಣ ಮಣಿಗಳಾಗಿ ಕೂತಿದೆ ಅಂತಿಟ್ಟುಕೊಳ್ಳಿ. ಅದು ತಂತಿಯ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗಿದ ಶಾರ್ಟ್. ತಂತಿ ಅಲುಗಾಡಿ ಇನಾಮಲ್ (ತಂತಿಯ ಮೇಲಿನ ತೆಳು ಲೇಪ) ಸವೆದಾಗ, ಕಟ್ಟುವಾಗ ಗೀಚಿದಾಗ, ಒಳಗೆ ತೇವ ಉಳಿದಾಗ ಹೀಗಾಗುತ್ತದೆ. ವರ್ಷದೊಳಗೆ ಎರಡು ಸಲ, ಬಿಸಿಲಲ್ಲಿ ಒಣಗಿಸಿದ ಕೆಲಸ ಅಂದಾಗ ನನಗೆ ಮೊದಲು ಬರುವ ಅನುಮಾನ ಇದೇ.

ವಾರ್ನಿಷ್ ಇರುವುದು ಯಾತಕ್ಕೆ ಅನ್ನುವುದರಲ್ಲಿ ಅನೇಕರಿಗೆ ಗೊಂದಲ ಇದೆ. ಕರೆಂಟನ್ನು ತಡೆಯುವ ಮುಖ್ಯ ಕೆಲಸ ತಂತಿಯ ಮೇಲಿನ ಇನಾಮಲ್‌ದು. ಬಾಡಿಗೆ ತಾಗದಂತೆ ತಡೆಯುವುದು ಸ್ಲಾಟ್, ಅಂದರೆ ಕಬ್ಬಿಣದಲ್ಲಿ ಕಾಯಿಲ್ ಕೂರುವ ಸೀಳಿನೊಳಗಿನ ಪೇಪರ್. ವಾರ್ನಿಷ್ ಇವೆರಡಕ್ಕೂ ಬದಲಿ ಅಲ್ಲ. ಗೀಚಿದ ತಂತಿಯನ್ನು ವಾರ್ನಿಷ್ ಉಳಿಸುತ್ತದೆ ಅನ್ನುವ ನಂಬಿಕೆ ಬಿಟ್ಟುಬಿಡಿ. ಅದರ ಕೆಲಸ ಬೇರೆ. ನೂರಾರು ತಂತಿಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಗಟ್ಟಿ ಮುದ್ದೆಯಾಗಿಸುವುದು, ತಂತಿಗಳ ನಡುವಿನ ಗಾಳಿಯ ಜಾಗ ತುಂಬುವುದು, ತೇವ ಮತ್ತು ಧೂಳು ಒಳಗೆ ಹೋಗದಂತೆ ಮುಚ್ಚುವುದು.

ಅಂಟಿಸುವುದಕ್ಕೆ ಯಾಕೆ ಅಷ್ಟು ಬೆಲೆ? ನಮ್ಮ ಕರೆಂಟು 50 ಹರ್ಟ್ಸ್. ಕಾಯಿಲಿನ ತಂತಿಗಳ ಮೇಲೆ ಬೀಳುವ ಬಲ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ನೇರ ಸ್ಟಾರ್ಟರ್‌ನಲ್ಲಿ ಮೋಟರ್ ಎದ್ದು ಓಡುವ ಹೊತ್ತಿಗೆ ಕರೆಂಟು ಆರು ಪಟ್ಟಿನಷ್ಟು ಇರುತ್ತದೆ. ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆ ಕ್ಷಣದ ಹೊಡೆತ ಮೂವತ್ತಾರು ಪಟ್ಟು. ಸ್ಲಾಟಿನೊಳಗೆ ಸಡಿಲ ಕೂತ ತಂತಿ ಪಕ್ಕದ ತಂತಿಗೆ ಉಜ್ಜುತ್ತಲೇ ಇರುತ್ತದೆ. ಇನಾಮಲ್ ಪದರ ಇರುವುದೇ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ. ಎಷ್ಟು ದಿನ ತಾಳೀತು?

ಶಾಖದ ಲೆಕ್ಕವೂ ಇದೆ. ಗಾಳಿ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ತಂತಿಗಳ ನಡುವೆ ಗಾಳಿ ಉಳಿದರೆ ಒಳಗಿನ ತಂತಿಯ ಬಿಸಿ ಕಬ್ಬಿಣಕ್ಕೆ ದಾಟುವುದು ನಿಧಾನ. ವಾರ್ನಿಷ್ ತುಂಬಿದ್ದರೆ ಬೇಗ ದಾಟುತ್ತದೆ. ನಮ್ಮಲ್ಲಿ ಹಳೆಯದೊಂದು ಲೆಕ್ಕ ಇದೆ: ಉಷ್ಣತೆ 10 ಡಿಗ್ರಿ ಏರಿದರೆ ಇನ್ಸುಲೇಷನ್ ಆಯುಸ್ಸು ಅರ್ಧ. ಅದು ಅಂದಾಜೇ, ಆದರೆ ಅಂಗಡಿ ಕೆಲಸಕ್ಕೆ ಸಾಕಷ್ಟು ನಿಜ.

ಈಗ ಬ್ರಷ್ ಕಥೆ. ಬ್ರಷ್ ಮುಟ್ಟುವುದು ಸ್ಲಾಟಿನಿಂದ ಹೊರಗಿರುವ ಕಾಯಿಲ್ ತಲೆಗಳನ್ನು ಮಾತ್ರ. ತಂತಿಯ ಉಳಿದ ಭಾಗ ಇರುವುದು ಸ್ಲಾಟಿನೊಳಗೆ, ಮೇಲೆ ಬಿದಿರಿನದೋ ಫೈಬರ್‌ನದೋ ಕಡ್ಡಿ ಕೂತಿರುತ್ತದೆ. ಅಲ್ಲಿಗೆ ಬ್ರಷ್ಷಿನ ವಾರ್ನಿಷ್ ಹೋಗುವುದಿಲ್ಲ. ನಿಮ್ಮ ಮೋಟರ್ ಹೊರಗೆ ಫಳಫಳ ಹೊಳೆಯುತ್ತಿತ್ತು, ಒಳಗೆ ತಂತಿಗಳು ಬರಿಮೈಲಿ ಇದ್ದವು.

ಬಿಸಿಲಿನದು ಇನ್ನೂ ಕೆಟ್ಟದು. ವಾರ್ನಿಷ್‌ನಲ್ಲಿ ಎರಡು ಜಾತಿ. ಗಾಳಿಗೆ ಒಣಗುವಂಥದ್ದು, ಕಾಯಿಸಿದರೆ ಮಾತ್ರ ಗಟ್ಟಿಯಾಗುವಂಥದ್ದು. ಎರಡರಲ್ಲೂ ರಾಳವನ್ನು ಥಿನ್ನರಿನಲ್ಲಿ ಕರಗಿಸಿರುತ್ತಾರೆ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಕಾಯಿಸುವ ಜಾತಿಯದನ್ನು ಬಿಸಿಲಿಗಿಟ್ಟರೆ ಥಿನ್ನರ್ ಮೇಲ್ಭಾಗದಿಂದ ಹಾರಿಹೋಗುತ್ತದೆ, ಅಷ್ಟೇ. ಸ್ಟೇಟರ್ ಎಷ್ಟು ಬಿಸಿಲಲ್ಲಿದ್ದರೂ ಐವತ್ತು ಅರವತ್ತು ಡಿಗ್ರಿ ಮುಟ್ಟೀತು. ರಾಳ ಗಟ್ಟಿಯಾಗಲು ಬೇಕಾದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಗಾಳಿಗೆ ಒಣಗುವ ಜಾತಿಯಾದರೆ ಇನ್ನೊಂದು ತೊಡಕು: ಅದು ಗಟ್ಟಿಯಾಗಲು ಗಾಳಿ ಬೇಕು, ಸ್ಲಾಟಿನ ಆಳಕ್ಕೆ ಗಾಳಿ ಹೋಗುವುದಿಲ್ಲ. ಎರಡರಲ್ಲೂ ಆಗುವುದು ಒಂದೇ. ಕಾದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೆ ಪದರ ಕಟ್ಟುತ್ತದೆ, ಒಳಗೆ ಹಸಿ. ಒಳಗೆ ಸಿಕ್ಕಿಬಿದ್ದ ಥಿನ್ನರ್ ಇನಾಮಲ್ಲನ್ನೇ ಮೆತ್ತಗಾಗಿಸಬಹುದು. ಮೋಟರ್ ಬಿಸಿಯಾದಾಗ ಹಸಿ ವಾರ್ನಿಷ್ ಇನ್ನಷ್ಟು ಸಡಿಲವಾಗುತ್ತದೆ. ಹಿಟ್ಟಿನ ಧೂಳು ಬಂದು ಅಂಟುವುದಕ್ಕೆ ಒಳ್ಳೆಯ ಜಾಗವೂ ಆಯಿತು.

ಸರಿಯಾದ ಕೆಲಸ ಶುರುವಾಗುವುದು ಹಳೆ ಕಾಯಿಲ್ ತೆಗೆಯುವಲ್ಲಿಂದ. ಇದನ್ನು ಯಾರೂ ಗಮನಿಸುವುದಿಲ್ಲ. ಸ್ಟೇಟರಿನ ಕಬ್ಬಿಣ ಒಂದೇ ಗಟ್ಟಿ ತುಂಡಲ್ಲ, ತೆಳು ತಗಡುಗಳ ಕಟ್ಟು. ಪ್ರತಿ ತಗಡಿನ ಮೇಲೂ ತೆಳುವಾದ ಇನ್ಸುಲೇಷನ್ ಲೇಪ ಇರುತ್ತದೆ. ಮೋಟರಿನಲ್ಲಿ ಲೇಪ ಅಂದರೆ ನಾವೆಲ್ಲ ಕಾಯಿಲನ್ನೇ ನೆನೆಯುತ್ತೇವೆ. ಈ ತಗಡಿನ ಲೇಪ ಕಣ್ಣಿಗೆ ಬೀಳುವುದಿಲ್ಲ, ಹೋದರೆ ಮತ್ತೆ ಹಾಕುವುದೂ ಸುಲಭ ಅಲ್ಲ. ಸುಟ್ಟ ಕಾಯಿಲ್ ಸುಲಭವಾಗಿ ಬರಲಿ ಅಂತ ಕೆಲವು ಕಡೆ ಸೌದೆಯ ಬೆಂಕಿಗೆ, ಟೈರ್ ಬೆಂಕಿಗೆ ಸ್ಟೇಟರ್ ಹಾಕುತ್ತಾರೆ, ಇಲ್ಲವೇ ಗ್ಯಾಸ್ ಟಾರ್ಚ್ ಹಿಡಿಯುತ್ತಾರೆ. ಕಬ್ಬಿಣ ಕೆಂಪಗಾದರೆ ತಗಡಿನ ಲೇಪ ಮುಗಿಯಿತು. ಆಮೇಲೆ ತಗಡಿನಿಂದ ತಗಡಿಗೆ ಸುಳಿ ಕರೆಂಟು ಹರಿದು ಕಬ್ಬಿಣವೇ ಬಿಸಿಯಾಗುತ್ತದೆ. ಹೊಸ ಕಾಯಿಲ್ ಹಿಂದಿನಿಂದ ಬೇಯುತ್ತದೆ. ಉಷ್ಣತೆ ಹಿಡಿತದಲ್ಲಿರುವ ಓವನ್‌ನಲ್ಲೂ ಕಬ್ಬಿಣ 360–370 ಡಿಗ್ರಿ ದಾಟಬಾರದು ಅನ್ನುವುದು ರಿಪೇರಿ ಕೆಲಸದಲ್ಲಿ ಒಪ್ಪಿತವಾದ ಮಿತಿ. ಓವನ್ ಇಲ್ಲದ ಅಂಗಡಿಯಾದರೆ ಒಂದು ಕಡೆಯ ಕಾಯಿಲ್ ತಲೆಗಳನ್ನು ಉಳಿಯಿಂದ ಕತ್ತರಿಸಿ, ಹದವಾಗಿ ಬಿಸಿ ಮಾಡಿ, ಇನ್ನೊಂದು ಕಡೆಯಿಂದ ಎಳೆದು ತೆಗೆಯಲಿ. ಶ್ರಮ ಜಾಸ್ತಿ, ಕಬ್ಬಿಣ ಉಳಿಯುತ್ತದೆ. ನಿಮ್ಮದು ಎರಡು ಸಲ ಕಟ್ಟಿದ ಮೋಟರ್. ಆ ಎರಡು ಸಲ ಕಾಯಿಲ್ ಹೇಗೆ ತೆಗೆದರು ಅಂತ ವಿಚಾರಿಸಿ.

ಹೊಸ ತಂತಿ ತರುವಾಗ ಕ್ಲಾಸ್, ಅಂದರೆ ಎಷ್ಟು ಬಿಸಿ ತಾಳುತ್ತದೆ ಅಂತ, ಕೇಳಿ. ಬಿ ಕ್ಲಾಸ್ ಅಂದರೆ 130 ಡಿಗ್ರಿ, ಎಫ್ ಅಂದರೆ 155, ಎಚ್ ಅಂದರೆ 180. ಹಳೆಯ ಮೋಟರಿನ ಪ್ಲೇಟಿನಲ್ಲಿ ಇ ಅಥವಾ ಬಿ ಅಂತಿದ್ದರೂ ಎಫ್ ಕ್ಲಾಸಿನ ಸಾಮಾನು ಹಾಕಿಸುವುದರಲ್ಲಿ ತಪ್ಪಿಲ್ಲ. ಆದರೆ ತಂತಿ, ಸ್ಲಾಟ್ ಪೇಪರ್, ಸ್ಲೀವ್, ಕಟ್ಟುವ ದಾರ, ವಾರ್ನಿಷ್ ಎಲ್ಲವೂ ಆ ಮಟ್ಟದ್ದಿರಬೇಕು. ಎಚ್ ಕ್ಲಾಸಿನ ತಂತಿಗೆ ಪಿವಿಸಿ ಸ್ಲೀವ್ ಹಾಕಿದರೆ ಮೋಟರಿನ ಮಟ್ಟ ಆ ಪಿವಿಸಿಯ ಮಟ್ಟವೇ. ಫೇಸಿನಿಂದ ಫೇಸಿಗೆ ಮಧ್ಯೆ ಪೇಪರ್ ಸೇರಿಸಿದ್ದಾರಾ, ಅದು ಸ್ಲಾಟಿನ ಬಾಯಿಯವರೆಗೂ ಇಳಿದಿದೆಯಾ ಅಂತ ನೀವೇ ಕಣ್ಣಾರೆ ನೋಡಬಹುದು. ವಾರ್ನಿಷ್ ಹಾಕಿದ ಮೇಲೆ ಇದನ್ನೆಲ್ಲ ತಿದ್ದಲಾಗುವುದಿಲ್ಲ.

ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್, ಇಟ್ಟು ನೋಡಬೇಕಾದ್ದೂ ವಾರ್ನಿಷ್‌ಗೆ ಮೊದಲೇ. 500 ವೋಲ್ಟಿನ ಮೆಗ್ಗರ್ ಸಾಕು. ಹೊಸ ಕಾಯಿಲ್ ನೂರಾರು ಮೆಗಾ ಓಮ್ ತೋರಿಸಬೇಕು. 5 ಮೆಗಾ ಓಮ್ ಅನ್ನುವುದು ಇಂಥ ಮೋಟರ್ ಚಾಲೂ ಮಾಡಲು ಬೇಕಾದ ಕನಿಷ್ಠ ಮಟ್ಟ. ಹೊಸ ಕೆಲಸಕ್ಕೆ ಅದು ಗುರಿಯಲ್ಲ. ಆದರೆ ಮೆಗ್ಗರ್ ಹೇಳುವುದು ಬಾಡಿಗೆ ಸೋರುತ್ತಿದೆಯಾ ಅಂತ ಮಾತ್ರ, ಬಿಡಿಸಿಟ್ಟರೆ ಫೇಸಿನಿಂದ ಫೇಸಿಗೂ ಹೇಳುತ್ತದೆ. ಸುತ್ತಿಗೆ ಸುತ್ತು ಶಾರ್ಟ್ ಆಗಿದ್ದರೆ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಸರ್ಜ್ ಟೆಸ್ಟ್ ಬೇಕು. ಊರಿನ ಅಂಗಡಿಯಲ್ಲಿ ಆ ಯಂತ್ರ ಇರುವುದು ಅಪರೂಪ, ಆದ್ದರಿಂದ ಮೂರೂ ಫೇಸಿನ ಓಮ್ (ತಂತಿಯ ರೋಧ) ಒಂದೇ ಇದೆಯಾ ಅಂತಾದರೂ ನೋಡಲಿ.

ಇನ್ನು ವಾರ್ನಿಷ್. ಮೊದಲ ಹೆಜ್ಜೆ ಕಾಯಿಸುವುದು. ಹೌದು, ಹಾಕುವ ಮೊದಲೇ. ಪೇಪರಿನಲ್ಲಿ, ದಾರದಲ್ಲಿ ಗಾಳಿಯ ತೇವ ಕೂತಿರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದರ ಮೇಲೆ ವಾರ್ನಿಷ್ ಹಾಕಿದರೆ ತೇವವನ್ನು ಒಳಗೇ ಬೀಗ ಹಾಕಿದಂತೆ. 105–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಬೇಕು. ಮಧ್ಯೆ ಮಧ್ಯೆ ಮೆಗ್ಗರ್ ಹಿಡಿದರೆ ಒಂದು ಚೆಂದದ ಸಂಗತಿ ಕಾಣುತ್ತದೆ. ಬಿಸಿ ಏರುತ್ತಾ ರೀಡಿಂಗ್ ಮೊದಲು ಇಳಿಯುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಸುಮ್ನೆ ಕಾಯಬೇಕು. ತೇವ ಹೊರಗೆ ಹೋಗುತ್ತಿದ್ದಂತೆ ರೀಡಿಂಗ್ ನಿಧಾನವಾಗಿ ಮೇಲೇರಿ ಒಂದು ಕಡೆ ನಿಲ್ಲುತ್ತದೆ. ನಿಂತಿತು ಅಂದರೆ ಒಣಗಿತು. ಈ ಬಿಸಿಯಿಂದ ಇನ್ನೊಂದು ಲಾಭವೂ ಇದೆ. ಕಾಯಿಲ್ ಸುತ್ತುವಾಗ ತಂತಿ ಎಳೆತಕ್ಕೆ ಸಿಕ್ಕಿ ಬಿಗಿದಿರುತ್ತದೆ. ಆ ಸ್ಥಿತಿಯಲ್ಲಿ ಥಿನ್ನರ್ ತಾಗಿದರೆ ಕೆಲವು ಇನಾಮಲ್‌ಗಳಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಮೊದಲೇ ಕಾಯಿಸಿದರೆ ಆ ಬಿಗಿತ ಸಡಿಲುತ್ತದೆ.

ಆಮೇಲೆ ಸ್ಟೇಟರ್ ಕೈಗೆ ಚೆನ್ನಾಗಿ ಬಿಸಿ ತಾಗುವಷ್ಟು, ಅಂದರೆ 50–60 ಡಿಗ್ರಿಗೆ ಇಳಿಯಲಿ. ಇದಕ್ಕಿಂತ ಬಿಸಿ ಇದ್ದರೆ ಥಿನ್ನರ್ ತಕ್ಷಣ ಹಾರಿ ವಾರ್ನಿಷ್ ಮೇಲೆಯೇ ಕಟ್ಟಿಕೊಳ್ಳುತ್ತದೆ, ಬೆಂಕಿಯ ಅಪಾಯವೂ ಇದೆ. ತಣ್ಣಗಿದ್ದರೆ ಒಳಗೆ ಇಳಿಯುವುದಿಲ್ಲ. ಆ ಹದದಲ್ಲಿ ಸ್ಟೇಟರನ್ನು ನಿಲ್ಲಿಸಿ ನಿಧಾನವಾಗಿ ವಾರ್ನಿಷ್ ತೊಟ್ಟಿಗೆ ಇಳಿಸಬೇಕು. ಗುಳ್ಳೆಗಳು ಬುಳುಬುಳು ಏಳುತ್ತವೆ. ತಂತಿಗಳ ನಡುವಿನ ಗಾಳಿ ಅದು. ಗುಳ್ಳೆ ಪೂರ್ತಿ ನಿಲ್ಲುವವರೆಗೆ ಎತ್ತಬಾರದು. ಈ ಸೈಜಿನ ಸ್ಟೇಟರ್‌ಗೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗಬಹುದು. ಗಡಿಯಾರ ನೋಡುವುದಕ್ಕಿಂತ ಗುಳ್ಳೆ ನೋಡುವುದು ಒಳ್ಳೆಯದು.

ತೊಟ್ಟಿ ಇಲ್ಲದ ಅಂಗಡಿಯಲ್ಲಿ ಸುರಿಯುವ ಕ್ರಮ ಇದೆ. ಬಿಸಿ ಸ್ಟೇಟರನ್ನು ತಟ್ಟೆಯ ಮೇಲೆ ನಿಲ್ಲಿಸಿ ಮೇಲಿನ ಕಾಯಿಲ್ ತಲೆಯ ಸುತ್ತ ನಿಧಾನವಾಗಿ ಸುರಿಯುವುದು. ಕೆಳಗಿನ ಕಡೆ ಪ್ರತಿ ಸ್ಲಾಟಿನಿಂದಲೂ ವಾರ್ನಿಷ್ ಇಳಿದು ಬರುವವರೆಗೆ ಸುರಿಯಬೇಕು. ಒಂದೆರಡು ಸ್ಲಾಟಿನಿಂದ ಬಂದರೆ ಸಾಲದು. ಆಮೇಲೆ ತಿರುಗಿಸಿಟ್ಟು ಇನ್ನೊಂದು ಕಡೆಯಿಂದ ಮತ್ತೆ. ಮುಳುಗಿಸಿದಷ್ಟು ಚೆನ್ನಾಗಿ ಆಗದಿದ್ದರೂ ಬ್ರಷ್‌ಗಿಂತ ಎಷ್ಟೋ ವಾಸಿ.

ವಾರ್ನಿಷ್ ಎಷ್ಟು ತೆಳು ಇರಬೇಕು ಅಂತ ಡಬ್ಬಿ ಮಾಡಿದವರು ಹೇಳಿರುತ್ತಾರೆ. ನಾಲ್ಕು ಮಿಲಿಮೀಟರ್ ತೂತಿನ ಒಂದು ಬಟ್ಟಲು ಸಿಗುತ್ತದೆ, ಫೋರ್ಡ್ ಕಪ್ ಅಂತಾರೆ. ತುಂಬಿಸಿ ಎಷ್ಟು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ ಅಂತ ನೋಡುವುದು. ತೊಟ್ಟಿಯ ವಾರ್ನಿಷ್ ದಿನ ಕಳೆದಂತೆ ಮಂದವಾಗುತ್ತದೆ. ಆಗ ಅದೇ ಕಂಪನಿ ಹೇಳಿದ ಥಿನ್ನರ್ ಸೇರಿಸಬೇಕು. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಸುರಿಯುವವರಿದ್ದಾರೆ. ಅದು ವಾರ್ನಿಷ್ಷನ್ನು ಒಡೆದು ಹಾಕಬಹುದು, ಇನಾಮಲ್ಲನ್ನೂ ಕೆಡಿಸಬಹುದು. ಇಂಥ ಕಡೆ ಉಳಿತಾಯ ಮಾಡುವವರ ಹತ್ತಿರ ಮೋಟರ್ ಕೊಡಬೇಡಿ.

ಎತ್ತಿದ ಮೇಲೆ ತೊಟ್ಟಿಕ್ಕುವುದು ಪೂರ್ತಿ ನಿಲ್ಲಬೇಕು. ಸ್ಟೇಟರಿನ ಒಳಮೈಯನ್ನೂ ಎಂಡ್ ಕವರ್ ಕೂರುವ ಅಂಚನ್ನೂ ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಅಲ್ಲಿ ವಾರ್ನಿಷ್ ಗಟ್ಟಿಯಾದರೆ ಕವರ್ ಓರೆ ಕೂರುತ್ತದೆ, ಒಳಗೆ ತಿರುಗುವ ರೋಟರ್ ಉಜ್ಜುತ್ತದೆ. ತೊಟ್ಟಿಕ್ಕುವಾಗಲೇ ಓವನ್‌ಗೆ ತಳ್ಳಿದರೆ ಥಿನ್ನರಿನ ಆವಿ ಒಳಗೆ ತುಂಬಿ ಸ್ಫೋಟ ಆಗಬಹುದು. ಆವಿ ಹೊರಹೋಗುವ ದಾರಿ ಓವನ್‌ಗೆ ಇರಲೇಬೇಕು. ಈ ಕೆಲಸವನ್ನು ಗಿರಣಿಯೊಳಗೆ ಮಾಡಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಹಿಟ್ಟಿನ ಧೂಳೂ ಬೆಂಕಿ ಹಿಡಿಯುವ ವಸ್ತುವೇ.

ಕಾಯಿಸುವುದು ಎಷ್ಟು ಡಿಗ್ರಿ, ಎಷ್ಟು ಹೊತ್ತು? ಸಾಮಾನ್ಯವಾಗಿ 130ರಿಂದ 150 ಡಿಗ್ರಿ, ನಾಲ್ಕರಿಂದ ಎಂಟು ಗಂಟೆ. ಡಬ್ಬಿಯ ಮೇಲೆ ಇರುವುದೇ ಕೊನೆಯ ಮಾತು. ಆದರೆ ಗಂಟೆ ಎಣಿಸುವುದು ಯಾವಾಗಿನಿಂದ ಅನ್ನುವುದರಲ್ಲಿ ಮೋಸ ಹೋಗುತ್ತಾರೆ. ಓವನ್ನಿನ ಮುಳ್ಳು 140 ತೋರಿಸಿದ ಕೂಡಲೇ ಎಣಿಸುತ್ತಾರೆ. ಅದು ಗಾಳಿಯ ಉಷ್ಣತೆ. ನಿಮ್ಮ ಮೋಟರಿನಷ್ಟು ಭಾರದ ಕಬ್ಬಿಣ ಅಷ್ಟು ಬಿಸಿಯಾಗಲು ಇನ್ನೂ ಒಂದೆರಡು ಗಂಟೆ ಹಿಡಿಯುತ್ತದೆ. ಲೆಕ್ಕ ಶುರುವಾಗಬೇಕಾದ್ದು ಆಗ. ಕಾಯಿಲ್ ಬಿಸಿಯಾಗಿದೆಯಾ ಅಂತ ತಿಳಿಯಲು ಕಾಯಿಲ್ಲನ್ನೇ ಥರ್ಮಾಮೀಟರ್ ಮಾಡಿಕೊಳ್ಳಬಹುದು. ತಾಮ್ರದ ಓಮ್ ಬಿಸಿಯಾದಂತೆ ಏರುತ್ತದೆ. 25 ಡಿಗ್ರಿಯಲ್ಲಿ 2 ಓಮ್ ಇದ್ದ ಕಾಯಿಲ್ 130 ಡಿಗ್ರಿಯಲ್ಲಿ 2.8 ಓಮ್ ತೋರಿಸುತ್ತದೆ. 2.4ರಲ್ಲೇ ಇದ್ದರೆ ಇನ್ನೂ ಎಂಬತ್ತು ಡಿಗ್ರಿಯ ಆಸುಪಾಸಿನಲ್ಲೇ ಇದೆ ಅಂತ.

ಸ್ಟೇಟರಿನೊಳಗೆ 200 ವ್ಯಾಟಿನ ಬಲ್ಬ್ ಹಾಕಿ ಗೋಣಿಚೀಲ ಮುಚ್ಚಿಡುವ ಪದ್ಧತಿ ಎಲ್ಲ ಕಡೆ ಇದೆ. ತೇವ ಓಡಿಸಲು ಅದು ಪರವಾಗಿಲ್ಲ, ಸಣ್ಣ ಮೋಟರಿಗೆ. 10 ಎಚ್‌ಪಿ ಸ್ಟೇಟರಿನ ವಾರ್ನಿಷ್ ಗಟ್ಟಿ ಮಾಡಲು ಸಾಲದು. ಹಸಿ ವಾರ್ನಿಷ್ ಹಾಕಿ, ಒಳಗೆ ಉರಿಯುವ ಬಲ್ಬು, ಮೇಲೆ ಗೋಣಿ... ಆ ಬೆಂಕಿಯ ಮಾತು ಬೇರೆ ಹೇಳಬೇಕಾ?

ಮೊದಲ ಸಲ ಕಾಯಿಸಿ, ಮತ್ತೆ 50–60ಕ್ಕೆ ಇಳಿಸಿ, ಸ್ಟೇಟರನ್ನು ತಲೆಕೆಳಗಾಗಿ ಹಿಡಿದು ಎರಡನೇ ಸಲ ಮುಳುಗಿಸಬೇಕು. ತಲೆಕೆಳಗು ಯಾಕೆಂದರೆ ಮೊದಲ ಸಲ ವಾರ್ನಿಷ್ ಒಂದು ಕಡೆಗೆ ಇಳಿದು ಮೇಲಿನ ಭಾಗ ತೆಳುವಾಗಿರುತ್ತದೆ. ಎರಡನೆಯದಕ್ಕೆ ಮೊದಲಿನಷ್ಟು ಹೊತ್ತು ಬೇಡ, ಐದಾರು ನಿಮಿಷ ಸಾಕು. ಮತ್ತೆ ಪೂರ್ತಿ ಕಾಯಿಸುವುದು. ಧೂಳಿನ ಜಾಗಕ್ಕೆ ಡಬಲ್ ಡಿಪ್ ಬೇಕೇ ಬೇಕು. ಮೂರು, ನಾಲ್ಕು ಸಲ ಹಾಕಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ದಪ್ಪ ಪದರ ಶಾಖವನ್ನು ಹಿಡಿದಿಡುತ್ತದೆ, ಬಿರುಕೂ ಬಿಡುತ್ತದೆ.

ಓವನ್‌ನಿಂದ ಹೊರಬಂದ ಸ್ಟೇಟರ್ ತಣ್ಣಗಾದ ಮೇಲೆ ನೀವೇ ಹೋಗಿ ಪರೀಕ್ಷೆ ಮಾಡಿ. ಕಾಯಿಲ್ ತಲೆಯ ಮೇಲೆ ಉಗುರು ಒತ್ತಿ, ಗುರುತು ಬೀಳಬಾರದು. ಎರಡು ಕಾಯಿಲ್ ನಡುವಿನ ಸಂದಿಯಲ್ಲಿ, ದಾರದ ಗಂಟಿನ ಕೆಳಗೆ ಒತ್ತಿ ನೋಡುವುದು ಮುಖ್ಯ. ಮೇಲೆ ಎಲ್ಲ ಕಡೆ ಗಟ್ಟಿ ಇದ್ದರೂ ಹಸಿ ಅಡಗಿರುವುದು ಅಲ್ಲೇ. ಮರದ ಕಡ್ಡಿಯಿಂದ ತಟ್ಟಿದರೆ ಟಣ್ ಅನ್ನಬೇಕು, ದಪ್ ಅನ್ನಬಾರದು. ಮೂಗು ಹತ್ತಿರ ತನ್ನಿ. ಥಿನ್ನರ್ ವಾಸನೆ ಬಂದರೆ ಕೆಲಸ ಮುಗಿದಿಲ್ಲ, ವಾಪಸ್ ಓವನ್‌ಗೆ.

ಯಾವ ವಾರ್ನಿಷ್ ಅಂದರೆ, ಎಫ್ ಕ್ಲಾಸಿನ ಕಾಯಿಸುವ ಪಾಲಿಯೆಸ್ಟರ್ ವಾರ್ನಿಷ್ ನಿಮಗೆ ಸರಿ. ಎರಡು ಮೂರು ಹೆಸರಾಂತ ಕಂಪನಿಗಳದ್ದರಲ್ಲಿ ನಿಮ್ಮ ಅಂಗಡಿಯವರಿಗೆ ಪಳಗಿರುವುದನ್ನೇ ಹಾಕಲಿ. ಥಿನ್ನರ್ ಇಲ್ಲದ ರಾಳಗಳು ಇನ್ನೂ ಚೆನ್ನಾಗಿ ತುಂಬುತ್ತವೆ, ಹಾರಿಹೋಗುವುದು ಏನೂ ಇಲ್ಲವಲ್ಲ. ಅವು ದೊಡ್ಡ ವರ್ಕ್‌ಶಾಪ್‌ಗಳ ಬಾಬ್ತು. ನಿರ್ವಾತ ಮಾಡಿ ಒತ್ತಡದಲ್ಲಿ ರಾಳ ತುಂಬುವ ವಿಪಿಐ ಕೂಡ ಹಾಗೇ. ನೀವು ಮುಂದೆ ಮೋಟರನ್ನು ವಿಎಫ್‌ಡಿ ಡ್ರೈವ್‌ಗೆ (ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಹಾಕುವ ಯೋಚನೆಯಲ್ಲಿದ್ದರೆ ಮಾತ್ರ ಮೊದಲೇ ಹೇಳಿ. ಡ್ರೈವ್‌ನಿಂದ ಬರುವ ವೋಲ್ಟೇಜ್ ಮೊನೆಗಳು ಸಾವಿರ ವೋಲ್ಟ್ ದಾಟಬಹುದು, ಅವು ಗಾಳಿ ಉಳಿದ ಜಾಗವನ್ನೇ ಹುಡುಕಿ ಕೊರೆಯುತ್ತವೆ. ಆಗ ತಂತಿಯೂ ಬೇರೆ ಬೇಕು.

ಕೆಂಪು ಬಣ್ಣ ಅಂದಿರಲ್ಲ, ಅದು ಗ್ಲಿಪ್ಟಾಲ್ ಜಾತಿಯ ಹೊರಲೇಪ. ಕೆಟ್ಟದ್ದೇನಲ್ಲ. ಕಾಯಿಸಿ ಮುಗಿದ ಮೇಲೆ ತೆಳುವಾಗಿ ಹಚ್ಚಿದರೆ ಮೈ ನುಣುಪಾಗಿ ಧೂಳು ಕೂರುವುದು ಕಡಿಮೆಯಾಗುತ್ತದೆ, ಎಣ್ಣೆ, ತೇವವೂ ಬೇಗ ಹಿಡಿಯುವುದಿಲ್ಲ. ಹಸಿ ವಾರ್ನಿಷ್ ಮೇಲೆ ದಪ್ಪಗೆ ಬಳಿದರೆ ಒಳಗಿನ ಥಿನ್ನರಿಗೆ ಹೊರಬರುವ ದಾರಿಯೂ ಮುಚ್ಚಿತು. ನಿಮ್ಮಲ್ಲಿ ಆದದ್ದು ಬಹುಶಃ ಅದೇ.

ಇದನ್ನು ಓದಿ ಯಾರಾದರೂ ತಮ್ಮ ಬೋರ್‌ವೆಲ್ ಮೋಟರಿಗೂ ವಾರ್ನಿಷ್ ಹಾಕಿಸಿಬಿಟ್ಟಾರು, ಅದಕ್ಕೆ ಒಂದು ಮಾತು. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟರಿಗೆ ಇದು ಯಾವುದೂ ಹೊಂದುವುದಿಲ್ಲ. ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ನೀರಿನಲ್ಲೇ ಕೂತು ಓಡುತ್ತದೆ. ಅದನ್ನು 140 ಡಿಗ್ರಿಗೆ ಕಾಯಿಸಿದರೆ ಹೊದಿಕೆ ಕರಗಿ ಹೋಗುತ್ತದೆ.

ಕೊನೆಗೆ, ಕಟ್ಟಿಸಲಾ, ಹೊಸದಾ? ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದ ಕಾರ್ಖಾನೆ. ಕಾರ್ಖಾನೆ ಮುಚ್ಚಿದರೂ ಮೋಟರುಗಳು ಇನ್ನೂ ಎಷ್ಟೋ ಕಡೆ ಓಡುತ್ತಿವೆ. ನನಗೂ ಅವುಗಳ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಆದರೂ ಅಭಿಮಾನದ ಮೇಲೆ ನಿರ್ಧಾರ ಬೇಡ, ಕಬ್ಬಿಣ ನೋಡಿ. ತಗಡುಗಳು ನೀಲಿ ತಿರುಗಿದ್ದರೆ, ಸ್ಲಾಟುಗಳ ನಡುವಿನ ಹಲ್ಲುಗಳು ಅರಳಿದ್ದರೆ, ಕರಗಿ ಅಂಟಿದ್ದರೆ ಹೊಸದು ತನ್ನಿ. ಕಬ್ಬಿಣ ಚೆನ್ನಾಗಿದ್ದರೆ ಕಟ್ಟಿಸಿ. ಕಟ್ಟಿದ ಮೇಲೆ ಬೆಲ್ಟ್ ಹಾಕದೆ ಅಂಗಡಿಯಲ್ಲೇ ಒಂದು ಗಂಟೆ ಓಡಿಸಿ ತೋರಿಸಲಿ. 10 ಎಚ್‌ಪಿಗೆ ಪೂರ್ತಿ ಲೋಡಿನಲ್ಲಿ ಸುಮಾರು 14 ಆಂಪಿಯರ್. ಖಾಲಿ ಓಡುವಾಗ ಅದರ ಮೂರನೇ ಒಂದು ಭಾಗದಿಂದ ಅರ್ಧದ ಒಳಗೆ ಇರಬೇಕು, ಮೂರೂ ಫೇಸಿನಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಅದಕ್ಕಿಂತ ಜಾಸ್ತಿ ಎಳೆಯುತ್ತಿದ್ದರೆ, ಖಾಲಿ ಓಡಿಯೂ ಬಾಡಿ ಸುಡುತ್ತಿದ್ದರೆ, ಸುತ್ತಿನ ಲೆಕ್ಕ ತಪ್ಪಿದೆ ಇಲ್ಲವೇ ಕಬ್ಬಿಣ ಕೆಟ್ಟಿದೆ. ಹಾಗಾದರೆ ಮೋಟರ್ ಮನೆಗೆ ತರಬೇಡಿ. ಎಲ್ಲ ಸರಿ ಇದ್ದರೆ ಮೂರು ಫೇಸಿನ ಆಂಪಿಯರ್, ಮೆಗ್ಗರ್ ರೀಡಿಂಗ್, ವಾರ್ನಿಷ್ ಹೆಸರು, ಕಾಯಿಸಿದ ಗಂಟೆ ಇಷ್ಟನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಹೊರಡಿ.